ಕೈ ತೊಳೆಯುವಾಗ ಆಡಿದ ಮಾತು

ಡಾಕ್ಟರು ಮೊದಲ ಸಲ ಫೋನಿನಲ್ಲಿ ಮನೆಗೆ ಬಂದ ದಿನ ಜಿಪ್ಪಕ್ಕ ಹೊಲಿಗೆ ಮೆಷಿನ್ನಿನ ಮೇಲಿದ್ದ ಬಟ್ಟೆಯನ್ನೆಲ್ಲ ಎತ್ತಿ ಮಂಚಕ್ಕೆ ಹಾಕಿದಳು. ಹಲಗೆ ಒರೆಸಿದಳು. ನೂಲಿನ ಉಂಡೆಗಳ ಡಬ್ಬಕ್ಕೆ ಫೋನನ್ನು ಒರಗಿಸಿ ನಿಲ್ಲಿಸಿದಳು. ಗಂಡನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ, ತಾನೂ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಂಡಳು.

"ಡಾಕ್ಟ್ರು ನೋಡೋದು ಅಪ್ಪನ್ನ, ನಿನ್ನನ್ನಲ್ಲ" ಎಂದು ಮಗಳು ನಕ್ಕಳು.

"ಇರ್ಲಿ ಬಿಡೇ. ದೊಡ್ಡೋರು ಮನೆ ಬಾಗಿಲಿಗೆ ಬಂದಾಗ ಕೆದರಿದ ತಲೇಲಿ ಕೂರ್ತಾರಾ?"

ಬೀದಿಯವರೆಲ್ಲ ಅವಳನ್ನು ಜಿಪ್ಪಕ್ಕ ಎಂದೇ ಕರೆಯುತ್ತಿದ್ದರು. ಕಿತ್ತುಹೋದ ಜಿಪ್ಪು ಬಿಚ್ಚಿ ಹೊಸದು ಹಾಕುವುದರಲ್ಲಿ ಅವಳನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ ಎನ್ನುವುದು ಒಂದು ಕಾರಣ. ಕಂಡವರ ಪ್ಯಾಂಟಿಗೆಲ್ಲ ಜಿಪ್ಪು ಹಾಕುವ ಅವಳ ಬಾಯಿಗೆ ಜಿಪ್ಪು ಹಾಕಲು ದೇವರೇ ಮರೆತಿದ್ದ ಎನ್ನುವುದು ಇನ್ನೊಂದು. ಎರಡನೆಯ ಕಾರಣ ಅವಳಿಗೂ ಗೊತ್ತಿತ್ತು, ಅದನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಗಂಡ ಸಿಟಿ ಬಸ್ಸಿನ ಡ್ರೈವರ್. ಅವನ ಸೀಟಿನ ಹಿಂದೆ 'ಚಾಲಕರೊಂದಿಗೆ ಮಾತನಾಡಬೇಡಿ' ಎಂದು ಬರೆದಿತ್ತು. "ಆ ಬೋರ್ಡನ್ನ ದಿನಾ ಡ್ಯೂಟಿ ಮುಗಿಸ್ಕೊಂಡು ಬರುವಾಗ ಬೆನ್ನಿಗೆ ಕಟ್ಕೊಂಡೇ ಬರ್ತಾರೆ" ಎಂದು ಅವಳು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದಳು. ಅವನು ಮೂಲೆಯ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ಮೀಸೆಯೊಳಗೇ ನಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳಿಗೆ ಈ ಮೌನ ಗೋಡೆಯ ಹಾಗೆ ಕಂಡಿತ್ತು. ಆಮೇಲೆ ಅವಳು ಇಬ್ಬರ ಮಾತನ್ನೂ ತಾನೇ ಆಡುವುದನ್ನು ಕಲಿತಳು. ನೆಂಟರು ಕೇಳಿದ್ದಕ್ಕೆ, ಮನೆ ಮಾಲೀಕ ಕೇಳಿದ್ದಕ್ಕೆ, ಮಗಳ ಶಾಲೆಯ ಮೇಡಮ್ಮು ಕೇಳಿದ್ದಕ್ಕೆ, ಎಲ್ಲದಕ್ಕೂ ಅವನ ಪರವಾಗಿ ಉತ್ತರ ಕೊಡುವುದು ಅವಳೇ. 'ಅವರಿಗೆ ಏನು ಬೇಕು ಅಂತ ಅವರಿಗಿಂತ ಮೊದಲು ನಂಗೆ ಗೊತ್ತಾಗುತ್ತೆ' ಎನ್ನುವುದು ಅವಳ ಹೆಮ್ಮೆ. ಬಹುಮಟ್ಟಿಗೆ ಅದು ನಿಜವೂ ಆಗಿತ್ತು.

ಒಂದು ಜಾಗದಲ್ಲಿ ಮಾತ್ರ ಅವಳ ಆಟ ನಡೆಯುತ್ತಿರಲಿಲ್ಲ. ಗಂಡನಿಗೆ ಸಕ್ಕರೆ ಕಾಯಿಲೆ. ತೋರಿಸಿಕೊಳ್ಳಲು ಮಾರುಕಟ್ಟೆ ಹಿಂದಿನ ಹಳೆಯ ಕ್ಲಿನಿಕ್ಕಿಗೆ ಹೋಗುತ್ತಿದ್ದರು. ಎರಡೇ ಕೋಣೆ, ನಡುವೆ ಒಂದು ಹಸಿರು ಪರದೆ. ಡಾಕ್ಟರು ವಯಸ್ಸಾದವರು, ಮೆದು ಮಾತಿನವರು, ಆದರೆ ಒಂದು ವಿಷಯದಲ್ಲಿ ಹಟಮಾರಿ. "ನೀವು ಹೊರಗೆ ಕೂತಿರಿಮ್ಮ" ಎಂದು ಪರದೆಯನ್ನು ಅವಳ ಮೂಗಿನ ಮುಂದೆ ಎಳೆದುಬಿಡುತ್ತಿದ್ದರು. ಅವಳು ಬೆಂಚಿನ ಮೇಲೆ ಕೂತು ಕಿವಿ ಅಲ್ಲೇ ಇಟ್ಟಿರುತ್ತಿದ್ದಳು. ನಲ್ಲಿ ನೀರು ಬೀಳುವ ಸದ್ದು, ಅದರ ನಡುವೆ ಗಂಡನ ದನಿ. ಪದ ಒಂದೂ ಬಿಡಿಸಿ ಕೇಳುತ್ತಿರಲಿಲ್ಲ. ಆದರೆ ಮಾತು ಉದ್ದವಾಗಿರುತ್ತಿತ್ತು. ಮನೆಯಲ್ಲಿ ಒಂದು ವಾರದಲ್ಲಿ ಆಡುವಷ್ಟು ಮಾತನ್ನು ಅವನು ಅಲ್ಲಿ ಒಂದೇ ಉಸಿರಿಗೆ ಆಡುತ್ತಿದ್ದ ಹಾಗೆ ಕೇಳುತ್ತಿತ್ತು.

ಹೊರಗೆ ಬಂದಮೇಲೆ "ಏನಂದ್ರು?" ಎಂದು ಅವಳು ಕೇಳುತ್ತಿದ್ದಳು.

"ಏನಿಲ್ಲ. ಮಾತ್ರೆ ಅದೇ."

"ಅಷ್ಟು ಹೊತ್ತು ಮಾತ್ರೆ ಬಗ್ಗೆನೇ ಹೇಳ್ತಿದ್ರಾ?"

"ಹೂಂ."

ಅವಳಿಗೆ ಹೊಟ್ಟೆಯುರಿ. ಇನ್ನೊಬ್ಬ ಹೆಂಗಸಿನ ಜೊತೆ ಮಾತಾಡಿದ್ದರೆ ಜಗಳವಾದರೂ ಮಾಡಬಹುದಿತ್ತು. ಬಿಳಿ ಮೀಸೆಯ ಡಾಕ್ಟರ ಮೇಲೆ ಯಾವ ಬಾಯಿಂದ ಜಗಳ ಮಾಡುವುದು?

ಹೀಗಿರುವಾಗ ದೊಡ್ಡ ಆಸ್ಪತ್ರೆಯವರು ಆ ಕ್ಲಿನಿಕ್ಕನ್ನು ಕೊಂಡುಕೊಂಡರು. ಡಾಕ್ಟರೂ ಅಲ್ಲಿಗೇ ಸೇರಿದರು. ಸಕ್ಕರೆ, ರಕ್ತದೊತ್ತಡದಂಥ ಹಳೆಯ ಕಾಯಿಲೆಯವರು ಬರಬೇಕಿಲ್ಲ, ಹೇಳಿದ ಹೊತ್ತಿಗೆ ಡಾಕ್ಟರೇ ಫೋನಿನಲ್ಲಿ ಸಿಗುತ್ತಾರೆ, ರಕ್ತ ತೆಗೆಯುವವರು ಮನೆಗೇ ಬರುತ್ತಾರೆ ಎಂದು ಫೋನಿಗೆ ಸುದ್ದಿ ಬಂತು. ಜಿಪ್ಪಕ್ಕನಿಗೆ ಕುಣಿಯುವಷ್ಟು ಖುಷಿ. ರಜೆ ಹಾಕುವುದು ಬೇಡ, ಬೆಂಚಿನ ಮೇಲೆ ಕಾಯುವುದು ಬೇಡ. ಎಲ್ಲಕ್ಕಿಂತ ಹೆಚ್ಚಾಗಿ, ಅವಳ ಮನೆಯಲ್ಲಿ ಹಸಿರು ಪರದೆ ಇರಲಿಲ್ಲ.

ಆ ಮೊದಲ ದಿನ ಡಾಕ್ಟರ ಮುಖ ಮೂಡಿದಾಗ ಅವಳು ಕುರ್ಚಿ ಎಳೆದುಕೊಂಡು ಗಂಡನ ಭುಜಕ್ಕೆ ಭುಜ ತಾಗಿಸಿ ಕೂತಳು.

"ಹೇಗಿದ್ದೀರಿ ಡ್ರೈವರ್ ಸಾಹೇಬ್ರೇ?"

"ಚೆನ್ನಾಗಿದ್ದಾರೆ ಡಾಕ್ಟ್ರೇ" ಎಂದಳು ಅವಳು. "ಊಟ ಹೊತ್ತಿಗೆ ಸರಿಯಾಗಿ ಮಾಡಲ್ಲ, ಅದೊಂದೇ. ಹೇಳಿದ್ರೆ ಕೇಳಲ್ಲ. ನೀವಾದ್ರೂ ಹೇಳಿ."

ಡಾಕ್ಟರು ನಕ್ಕರು. ಕಾಲು ಜೋಮು ಹಿಡಿಯುತ್ತದೆಯೇ, ಕಣ್ಣು ಮಂಜಾಗುತ್ತದೆಯೇ ಎಂದು ಒಂದೊಂದೇ ಕೇಳುತ್ತಾ ಹೋದರು. ಅವಳು ಒಂದೊಂದಕ್ಕೂ ಉತ್ತರ ಕೊಡುತ್ತಾ ಹೋದಳು. ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಹೋದ ಹುಡುಗಿಯ ಹಾಗೆ ಅವಳ ಮುಖ ಅರಳಿತ್ತು.

"ಅವರೇ ಹೇಳ್ಲಿ ಬಿಡಿಮ್ಮ" ಎಂದರು ಡಾಕ್ಟರು ಒಮ್ಮೆ.

ಗಂಡ ಫೋನನ್ನು ನೋಡಿದ, ಅವಳನ್ನು ನೋಡಿದ. "ಅವಳು ಹೇಳಿದ್ದು ಸರಿ ಇದೆ ಡಾಕ್ಟ್ರೇ" ಎಂದ.

"ಮೂತ್ರಕ್ಕೆ ಹೋಗೋದೆಲ್ಲ ಸರಿಯಾಗಿದೆಯಾ?"

"ಅದೇನೂ ತೊಂದ್ರೆ ಇಲ್ಲ ಡಾಕ್ಟ್ರೇ. ರಾತ್ರಿ ಎರಡು ಸಲ ಏಳ್ತಾರೆ ಅಷ್ಟೇ. ಈ ವಯಸ್ಸಿಗೆ ಯಾರು ಏಳಲ್ಲ ಹೇಳಿ?"

ಅಂಗಡಿ ಕೆಲಸಕ್ಕೆ ಹೊರಟ ಮಗಳು ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದಳು. ಲಂಗದ ಅಳತೆ ಕೊಡಲು ಬಂದಿದ್ದ ಪಕ್ಕದ ಮನೆ ಹೆಂಗಸು ಡಾಕ್ಟರನ್ನು ನೋಡುವ ಆಸೆಗೆ ಅಲ್ಲೇ ನಿಂತಿದ್ದಳು. ಗಂಡ ಏನೋ ಹೇಳುವವನ ಹಾಗೆ ಬಾಯಿ ತೆರೆದು, ಕೆಮ್ಮಿ, ಅಂಗಿಯ ತೋಳು ಸರಿಮಾಡಿಕೊಂಡ.

ತಿಂಗಳಿಗೋ ಎರಡು ತಿಂಗಳಿಗೋ ಹೀಗೆ ಡಾಕ್ಟರು ನೂಲಿನ ಡಬ್ಬಕ್ಕೆ ಒರಗಿ ನಿಲ್ಲುವುದು ರೂಢಿಯಾಯಿತು. ಮುಂದಿನ ಸಲದ ಕರೆಗೆ ಸ್ವಲ್ಪ ಮುಂಚೆ ಗಂಡ, "ಬ್ಲೇಡು ಮುಗಿದಿದೆ, ತಂದುಬಿಡ್ತೀಯಾ?" ಎಂದ.

"ಈಗಲಾ? ಡಾಕ್ಟ್ರು ಬರೋ ಹೊತ್ತು."

"ಬಂದ್ರೆ ನಾನು ಮಾತಾಡ್ತೀನಿ."

"ನೀವು? ನೀವು ಮಾತಾಡಿದ ಹಾಗೇ." ಅವಳು ನಕ್ಕು ಅವನ ಬೆನ್ನಿಗೆ ತಟ್ಟಿದಳು. "ಆಮೇಲೆ ತರ್ತೀನಿ. ಗಡ್ಡ ಏನು ಈ ಗಳಿಗೇಲಿ ಬೆಳೆದು ನೆಲ ಮುಟ್ಟಲ್ಲ."

ಇನ್ನೊಂದು ಸಲ ಕರೆ ಬರುತ್ತಲೇ ಅವನು ಫೋನನ್ನೆತ್ತಿಕೊಂಡು ಬಾಗಿಲು ದಾಟಿ ಮೆಟ್ಟಿಲಿಗೆ ಹೋದ. ಅವಳು ಹಿಂದೆಯೇ ಹೋದಳು. ಮೆಟ್ಟಿಲಲ್ಲಿ ಡಾಕ್ಟರ ದನಿ ತುಂಡು ತುಂಡಾಗುತ್ತಿತ್ತು. "ಕೇಳಿಸ್ತಿಲ್ಲ... ಒಳಗೆ... ಒಳಗೆ ಬನ್ನಿ." ಮೇಲಿನ ಮನೆಯವನು ಸೈಕಲ್ಲು ಹೊತ್ತುಕೊಂಡು ಇಳಿಯುತ್ತಿದ್ದವನು, ದಾರಿ ಬಿಡಿ ಎಂದ. ಗಂಡ ಗೋಡೆಗಂಟಿ ನಿಂತು ಅವನಿಗೆ ದಾರಿ ಬಿಟ್ಟ. ಆಮೇಲೆ ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

"ಗಾಳಿ ಬೇಕು ಅನ್ನಿಸಿದ್ರೆ ಕಿಟಕಿ ತೆಗೀತಿದ್ದೆನಲ್ಲ" ಎಂದಳು ಅವಳು.

ಆ ವರ್ಷ ಅವನಲ್ಲಿ ಒಂದು ಬದಲಾವಣೆ ಬಂತು. ತನ್ನ ಒಳಬಟ್ಟೆ, ಖಾಕಿ ಪ್ಯಾಂಟು ಎಲ್ಲವನ್ನೂ ಸ್ನಾನದ ಹೊತ್ತಿಗೆ ತಾನೇ ಒಗೆದು ಹಿಂಡಿ ಹರವತೊಡಗಿದ. ಜಿಪ್ಪಕ್ಕ ಬೆರಗಾದಳು. ಊರವರ ಬಟ್ಟೆಯಲ್ಲೇ ದಿನವಿಡೀ ಕೈಯಾಡಿಸುವವಳು, ಗಂಡನ ಬಟ್ಟೆ ಕೈಗೆ ಸಿಗದೆ ಹೋದದ್ದನ್ನು ಭಾಗ್ಯವೆಂದೇ ಎಣಿಸಿದಳು. ಅಳತೆಗೆ ಬಂದವರಿಗೆಲ್ಲ ಹೇಳಿಕೊಂಡಳು. ಡಾಕ್ಟರಿಗೂ ಹೇಳಿದಳು.

"ಇನ್ನೊಂದು ವಿಷಯ ಗೊತ್ತಾ ಡಾಕ್ಟ್ರೇ? ಈಗ ಅವರ ಬಟ್ಟೆನ ಅವರೇ ಒಗ್ಕೋತಾರೆ. ನಿಮ್ಮ ಮಾತ್ರೆ ತಲೆಗೂ ಕೆಲಸ ಮಾಡ್ತಿದೆ ಅನ್ಸುತ್ತೆ."

ಡಾಕ್ಟರು ಜೋರಾಗಿ ನಕ್ಕರು. "ಆ ಮಾತ್ರೆ ನಮ್ಮನೇಲಿ ನಾನೂ ತಗೋಬೇಕು ಹಾಗಾದ್ರೆ" ಎಂದರು. ಗಂಡನೂ ನಕ್ಕ. ಅವನ ಕೈ ಮೆಷಿನ್ನಿನ ಹಲಗೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಅದೇ ಕರೆಯಲ್ಲಿ ಡಾಕ್ಟರು ರಕ್ತ ಸ್ವಲ್ಪ ಕಡಿಮೆಯಾಗಿದೆ ಎಂದರು. ಕೆಳರೆಪ್ಪೆ ಎಳೆದು ತೋರಿಸಿ ಎಂದರು. ಅವಳು ಗಂಡನ ರೆಪ್ಪೆಯನ್ನು ಹೆಬ್ಬೆರಳಲ್ಲಿ ಎಳೆದು ಫೋನಿಗೆ ಹಿಡಿದಳು. "ಬೆಳಕು ಸಾಲ್ದು, ಬಣ್ಣ ಸರಿಯಾಗಿ ಕಾಣ್ತಿಲ್ಲ" ಎಂದರು ಡಾಕ್ಟರು. "ಕೆಂಪಗೇ ಇದೆ ಡಾಕ್ಟ್ರೇ" ಎಂದಳು ಅವಳು. ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅವಳು ಮೊಟ್ಟೆ, ಸೊಪ್ಪು ಎಂದು ತಟ್ಟೆ ತುಂಬಾ ಬಡಿಸಿದಳು. ಅವನು ತಿಂದ. ಪ್ಯಾಂಟಿನ ಸೊಂಟ ಸಡಿಲವಾಯಿತೆಂದು ಅವಳೇ ಒಳಗೆ ಮಡಚಿ ಹೊಲಿದುಕೊಟ್ಟಳು. 'ಸಕ್ಕರೆ ಕಾಯಿಲೆಯವರು ಇಳೀಬೇಕು, ಒಳ್ಳೇದೇ' ಎಂದುಕೊಂಡಳು.

ಒಂದು ಮಧ್ಯಾಹ್ನ ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಂತಿತು. ಜನ ಇಳಿದರು. ಡ್ರೈವರ್ ಇಳಿಯಲಿಲ್ಲ. ಕಂಡಕ್ಟರ್ ಹೋಗಿ ನೋಡಿದರೆ, ಅವನು ಎಂಜಿನ್ ಆರಿಸಿ, ಬ್ರೇಕು ಎಳೆದು, ಎಲ್ಲ ಸರಿಯಾಗಿ ಮಾಡಿ, ಸ್ಟೀರಿಂಗಿಗೆ ಹಣೆ ಒರಗಿಸಿ ಕೂತಿದ್ದ. ಬೆಳಗಿನಿಂದ ಮೂತ್ರ ಕಟ್ಟಿಕೊಂಡಿತ್ತು. ಹೊಟ್ಟೆ ಕಲ್ಲಾಗಿತ್ತು. "ಮನೆಗೆ ಫೋನ್ ಮಾಡ್ಬೇಡ" ಎಂದನಂತೆ. ಕಂಡಕ್ಟರ್ ಮಾಡಿದ.

ದೊಡ್ಡ ಆಸ್ಪತ್ರೆಯಲ್ಲಿ ಮೂತ್ರ ಹೋಗಲು ನಳಿಗೆ ಹಾಕಿದರು. ಮಂಚದ ಪಕ್ಕಕ್ಕೆ ತೂಗುಹಾಕಿದ ಚೀಲ ತುಂಬತೊಡಗಿತು. ಜಿಪ್ಪಕ್ಕ ಆ ಬಣ್ಣವನ್ನು ನೋಡಿದಳು.

"ರಕ್ತ ಹೋಗೋಕೆ ಶುರುವಾಗಿ ಎಷ್ಟು ದಿನ ಆಯ್ತು?" ಡ್ಯೂಟಿಯಲ್ಲಿದ್ದ ಚಿಕ್ಕ ಪ್ರಾಯದ ಡಾಕ್ಟರ್ ಕೇಳಿದಳು.

"ಇವತ್ತೇ ಇರ್ಬೇಕು" ಎಂದಳು ಜಿಪ್ಪಕ್ಕ.

ಗಂಡ ಕಣ್ಣು ಮುಚ್ಚಿಕೊಂಡೇ ಹೇಳಿದ. "ಹೋದ ವರ್ಷದಿಂದ."

ಆಮೇಲೆ ಸ್ಕ್ಯಾನು, ಚೂರು ತೆಗೆದು ಪರೀಕ್ಷೆ, ಕಾಯುವುದು. ಮೂತ್ರಕೋಶದಲ್ಲಿ ಗಡ್ಡೆ, ಬೇರೆ ಕಡೆಗೂ ಹರಡಿದೆ, ಮೂಳೆಗೂ ಇಳಿದಿದೆ ಎಂದರು. ಮೊದಲೇ ಬಂದಿದ್ದರೆ ಎನ್ನುವ ಮಾತನ್ನು ಯಾರೂ ಪೂರ್ತಿ ಮಾಡಲಿಲ್ಲ. ಪೂರ್ತಿ ಮಾಡುವ ಅಗತ್ಯವೂ ಇರಲಿಲ್ಲ. ಮಗಳು ವಾರ್ಡಿನ ಹೊರಗೆ ಗೋಡೆಗೆ ಮುಖ ಮಾಡಿ ನಿಂತಳು.

ಜಿಪ್ಪಕ್ಕ ಗಂಡನ ಪಕ್ಕ ಸ್ಟೂಲಿನ ಮೇಲೆ ಕೂತಳು. ಕೇಳಬಾರದು ಎಂದು ಎಷ್ಟು ಹಲ್ಲು ಕಚ್ಚಿದರೂ ಮಾತು ಹೊರಬಿತ್ತು.

"ಯಾಕ್ರೀ ಹೇಳ್ಲಿಲ್ಲ?"

"ಹೇಳೋಣ ಅಂತಿದ್ದೆ."

"ಯಾವಾಗ?"

"ಡಾಕ್ಟ್ರು ಬಂದಾಗಲೆಲ್ಲ."

"ನನ್ನ ಹತ್ರ ಹೇಳ್ಬೋದಿತ್ತಲ್ಲ. ನಾನೇನು ಹೊರಗಿನವಳಾ?"

"ನಿನ್ನ ಹತ್ರ ಹೇಗೆ ಹೇಳ್ಲಿ?" ಎಂದ ಅವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ನಿಜಕ್ಕೂ ದಾರಿ ಹೇಳಿಕೊಟ್ಟರೆ ಈಗಲಾದರೂ ಕಲಿತುಕೊಳ್ಳುತ್ತೇನೆ ಎನ್ನುವ ಹಾಗಿತ್ತು. "ಕೆಲಸ ಹೋಗುತ್ತೆ ಅಂತ ಹೆದರ್ತೀಯ. ಮಗಳಿಗೆ ಗೊತ್ತಾಗುತ್ತೆ. ಆಮೇಲೆ ಬೀದಿಗೆಲ್ಲ..." ಅಷ್ಟಕ್ಕೇ ನಿಲ್ಲಿಸಿ ಅವಳ ಕೈಯನ್ನು ಮುಟ್ಟಿದ. "ಡಾಕ್ಟ್ರಿಗೆ ಹೇಳಿದ್ರೆ ಅವರೇ ನಿಂಗೆ ಮೆಲ್ಲಗೆ ಹೇಳ್ತಾರೆ ಅಂದ್ಕೊಂಡಿದ್ದೆ."

'ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು' ಎಂದು ಅವಳ ಅತ್ತೆ ಬದುಕಿರುವಷ್ಟು ದಿನವೂ ಅವಳಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಆಗೆಲ್ಲ ಅವಳು, ಮಾತಿಲ್ಲದ ಮನೆ ಮನೆಯಾ ಅತ್ತೆ, ಎಂದು ತಿರುಗಿ ನಗುತ್ತಿದ್ದಳು. ಈಗ ಆ ಗಾದೆ ವಾರ್ಡಿನ ಫಿನಾಯಿಲ್ ವಾಸನೆಯ ಹಾಗೆ ಮೂಗಿನಲ್ಲೇ ಕೂತಿತು.

ಮಾರನೆಯ ಬೆಳಿಗ್ಗೆ ಅವಳು ಡಾಕ್ಟರನ್ನು ಹುಡುಕಿಕೊಂಡು ಹೊರಟಳು. ಅವರು ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲೇ ಇದ್ದಾರೆಂದು ಗೊತ್ತಾಯಿತು. ಅಲ್ಲಿ ಉದ್ದ ಹಜಾರ, ಅದರಲ್ಲಿ ಸಾಲಾಗಿ ಪ್ಲೈವುಡ್ಡಿನ ಸಣ್ಣ ಸಣ್ಣ ಗೂಡು, ಒಂದೊಂದಕ್ಕೂ ಗಾಜಿನ ಬಾಗಿಲು. ಪ್ರತಿ ಗೂಡಿನಲ್ಲೂ ಒಬ್ಬ ಡಾಕ್ಟರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರಿನ ಜೊತೆ ಮಾತಾಡುತ್ತಿದ್ದರು. ಎಲ್ಲರೂ ನಗುತ್ತಿದ್ದರು, ತಲೆಯಾಡಿಸುತ್ತಿದ್ದರು. ಹೊರಗೆ ಸದ್ದೇ ಇರಲಿಲ್ಲ.

ಮುಂದೆ ಕೂತಿದ್ದ ಹುಡುಗಿ ತಡೆದಳು. "ಅವರನ್ನ ನೋಡೋಕಾಗಲ್ಲ ಆಂಟಿ. ಅವರು ಫೋನಲ್ಲಿ ಮಾತ್ರ ಸಿಗ್ತಾರೆ."

"ಅಲ್ಲೇ ಕೂತಿದ್ದಾರಲ್ಲಮ್ಮ, ಕಾಣಿಸ್ತಿದ್ದಾರೆ."

"ಹೌದು, ಅಲ್ಲೇ ಇದ್ದಾರೆ. ಆದ್ರೆ ಫೋನಲ್ಲಿ ಸಿಗ್ತಾರೆ."

ಬೇರೆ ದಿನವಾಗಿದ್ದರೆ ಈ ಮಾತನ್ನು ಜಿಪ್ಪಕ್ಕ ಒಂದು ತಿಂಗಳು ಹೇಳಿಕೊಂಡು ನಗುತ್ತಿದ್ದಳು. ಅವಳು ಗೋಡೆಯ ಬದಿಗೆ ನಿಂತಳು. ಡಾಕ್ಟರು ಚಹಾ ಕುಡಿಯಲು ಎದ್ದು ಹೊರಗೆ ಬಂದಾಗ ಎದುರಿಗೆ ಹೋದಳು. ಅವರು ಅವಳನ್ನು ತಕ್ಷಣ ಗುರುತು ಹಿಡಿದರು. ಮುಖ ಕಂದಿತು. ಸುದ್ದಿ ಅವರಿಗೂ ತಲುಪಿತ್ತು.

"ಒಳಗೆ ಬನ್ನಿಮ್ಮ" ಎಂದು ತಮ್ಮ ಗೂಡಿಗೆ ಕರೆದೊಯ್ದರು. ಇನ್ನೊಂದು ಕುರ್ಚಿ ಇರಲಿಲ್ಲ. ತಮ್ಮ ಕುರ್ಚಿಯನ್ನೇ ಅವಳಿಗೆ ಕೊಟ್ಟು ನಿಂತುಕೊಂಡರು.

ಮೆಟ್ಟಿಲು ಹತ್ತುವಾಗ ಅವಳು ಬೈಯಬೇಕೆಂದು ಮಾತು ಜೋಡಿಸಿಕೊಂಡಿದ್ದಳು. ಈಗ ಒಂದೇ ಉಳಿದಿತ್ತು. "ನೀವು ಯಾಕೆ ಕೇಳ್ಲಿಲ್ಲ ಡಾಕ್ಟ್ರೇ?"

"ಕೇಳಿದ್ದೆನಮ್ಮ. ಪ್ರತಿ ಸಲ ಕೇಳಿದ್ದೆ. ಉತ್ತರ..." ಅವರು ನಿಲ್ಲಿಸಿಬಿಟ್ಟರು.

ಉಳಿದದ್ದು ಅವಳಿಗೆ ಗೊತ್ತಿತ್ತು. ತನ್ನದೇ ದನಿ ಕಿವಿಯಲ್ಲಿ ಕೇಳಿತು: ಅದೇನೂ ತೊಂದ್ರೆ ಇಲ್ಲ ಡಾಕ್ಟ್ರೇ.

"ತಪ್ಪು ನಿಮ್ಮದೊಂದೇ ಅಲ್ಲ" ಎಂದರು ಡಾಕ್ಟರು. "ಕ್ಲಿನಿಕ್ಕಲ್ಲಾಗಿದ್ರೆ ನಿಮ್ಮನ್ನ ನಾನು ಒಳಗೇ ಬಿಡ್ತಿರಲಿಲ್ಲ. ಆದ್ರೆ ಫೋನಲ್ಲಿ ನಾನೇ ನಿಮ್ಮನೆಗೆ ಬಂದಿದ್ದೆ. ನಿಮ್ಮನೆಯಿಂದ ನಿಮ್ಮನ್ನೇ ಹೊರಗೆ ಹೋಗಿ ಅಂತ ಹೇಗೆ ಹೇಳೋದು? ಒಂದೆರಡು ಸಲ ನಾಲಗೆ ತುದಿಗೆ ಬಂತು. ನೀವು ಅಷ್ಟು ಸಂತೋಷದಿಂದ ಕೂತಿರ್ತಿದ್ರಿ." ಅವರು ಕಂಪ್ಯೂಟರಿನ ಕಡೆ ಕೈ ತೋರಿಸಿದರು. "ಇದರಲ್ಲಿ ಅವರ ಮುಖ ಬೆಂಕಿಪೊಟ್ಟಣದಷ್ಟು ಕಾಣ್ತಿತ್ತು. ಬಿಳಚಿಕೊಂಡಿದ್ದಾರೋ ಬೆಳಕೇ ಹಾಗಿದೆಯೋ ಗೊತ್ತಾಗ್ತಿರಲಿಲ್ಲ. ಗೊತ್ತಾಗದಿದ್ದಾಗ ಬರೋಕೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ಬಟ್ಟೆ ಒಗ್ಕೋತಾರೆ ಅಂದಾಗ ನಾನು ನಕ್ಕುಬಿಟ್ಟೆ ನೋಡಿ. ಎದುರಿಗೆ ಕೂತಿದ್ರೆ ನಗ್ತಿರಲಿಲ್ಲವೇನೋ."



"ಅವರು ನನ್ನ ಮುಖ ನೋಡಿ ಎಂದೂ ಏನೂ ಹೇಳಿದೋರಲ್ಲ" ಎಂದರು ಡಾಕ್ಟರು ಮತ್ತೆ. "ಹೊಟ್ಟೆ ಮುಟ್ಟಿ ನೋಡಿ, ಕೈ ತೊಳೆಯೋಕೆ ನಲ್ಲಿ ಕಡೆ ತಿರುಗ್ತಿದ್ದೆನಲ್ಲ, ಆಗ, ಮತ್ತೇನಾದ್ರೂ ಹೇಳೋದಿದೆಯಾ ಅಂತ ಕೇಳ್ತಿದ್ದೆ. ಬೆನ್ನು ತಿರುಗಿಸಿದ್ರೆ ಅವರಿಗೆ ಮಾತು ಬರೋದು. ಕೈ ತೊಳೆದು ಆಗಿದ್ರೂ ನಲ್ಲಿ ಬಿಟ್ಕೊಂಡೇ ನಿಂತಿರ್ತಿದ್ದೆ. ಇಷ್ಟು ವರ್ಷ ಅವರು ಹೇಳಿದ್ದೆಲ್ಲ ನನ್ನ ಬೆನ್ನಿಗೇ."

ಆ ಗೂಡಿನಲ್ಲಿ ನಲ್ಲಿ ಇರಲಿಲ್ಲ. ಕೈಗೆ ಹಚ್ಚಿಕೊಳ್ಳುವ ದ್ರವದ ಒಂದು ಸಣ್ಣ ಬಾಟಲಿ ಇತ್ತು.

"ಏನು ಹೇಳ್ತಿದ್ರು ಡಾಕ್ಟ್ರೇ?" ಎಂದು ಕೇಳಿದಳು ಜಿಪ್ಪಕ್ಕ. ಇಷ್ಟೆಲ್ಲ ಆದಮೇಲೂ, ಗಂಡ ಕೆಳಗಿನ ಮಹಡಿಯಲ್ಲಿ ಆ ಸ್ಥಿತಿಯಲ್ಲಿ ಮಲಗಿರುವಾಗಲೂ, ಆ ಬೆನ್ನಿನ ಮೇಲೆ ಅವಳಿಗೆ ಹೊಟ್ಟೆಯುರಿಯಿತು. ಅದು ಅವಳಿಗೇ ನಾಚಿಕೆ ತಂದಿತು.

"ಅದನ್ನ ನಾನು ಹೇಳೋ ಹಾಗಿಲ್ಲಮ್ಮ."

ಕಂಪ್ಯೂಟರ್ ಟಣ್ ಎಂದಿತು. ಮುಂದಿನ ರೋಗಿಯ ಹೊತ್ತಾಗಿತ್ತು. ಅಲ್ಲಿ ಯಾರದೋ ಮನೆಯ ಅಡುಗೆಕೋಣೆ, ಯಾರದೋ ಹಣೆ ಮತ್ತು ಒಂದು ಕಣ್ಣು ಮೂಡಿ, "ಹಲೋ, ಹಲೋ, ಡಾಕ್ಟ್ರೇ" ಎಂದಿತು. ಡಾಕ್ಟರು ಹೆಡ್‌ಫೋನ್ ಕೈಗೆತ್ತಿಕೊಂಡು ಅವಳ ಮುಖ ನೋಡಿದರು. ಅವಳು ಕುರ್ಚಿ ಬಿಟ್ಟುಕೊಟ್ಟು ಎದ್ದಳು.

ಅಂದಿನಿಂದ ಜಿಪ್ಪಕ್ಕ ಮಾತು ನಿಲ್ಲಿಸಿದಳು. ಯಾರೂ ಹೇಳಿದ್ದಲ್ಲ, ಅವಳೇ ತೀರ್ಮಾನಿಸಿದ್ದು. ತಾನು ಸುಮ್ಮನಿದ್ದರೆ ಆ ಜಾಗಕ್ಕೆ ಅವನ ಮಾತು ಬಂದೀತು ಎಂದುಕೊಂಡಳು. ಹಣ್ಣು ಹೆಚ್ಚಿ ಕೊಡುತ್ತಿದ್ದಳು, ಮುಖ ಒರೆಸುತ್ತಿದ್ದಳು, ಚೀಲ ತುಂಬಿದಾಗ ನರ್ಸನ್ನು ಕೈಸನ್ನೆಯಲ್ಲೇ ಕರೆಯುತ್ತಿದ್ದಳು. ಪಕ್ಕದ ಮಂಚದವರು ಮಾತಿಗೆಳೆದರೂ ಹೂಂ, ಉಹೂಂ ಅಷ್ಟೇ. ಆದರೆ ಅವನು ಮಾತಾಡಲಿಲ್ಲ. ಅವಳ ಕಡೆ ಆಗಾಗ ಕಣ್ಣು ಹೊರಳಿಸಿ ನೋಡುತ್ತಿದ್ದ. ಒಂದು ದಿನ, "ಯಾಕೆ ಹೀಗಿದ್ದೀಯ?" ಎಂದ.

"ಹೇಗೆ?"

"ಸುಮ್ನೆ ಕೂತಿರ್ತೀಯ. ಹೆದರಿಕೆ ಆಗುತ್ತೆ. ಏನಾದ್ರೂ ಹೇಳು."

ಅವಳು ಹೇಳಲು ನೋಡಿದಳು. ಬೀದಿಯ ಸುದ್ದಿ, ಮೇಲಿನ ಮನೆಯವನ ಸೈಕಲ್ಲು, ಮಗಳ ಅಂಗಡಿಗೆ ಬಂದಿದ್ದ ಜಗಳಗಂಟಿ ಗಿರಾಕಿ. ಎರಡೇ ವಾಕ್ಯಕ್ಕೆ ಮುಗಿದುಹೋಯಿತು. ಒಂದು ಕಾಲದಲ್ಲಿ ತಡೆದರೂ ನಿಲ್ಲದ ಮಾತು, ಈಗ ಕರೆದರೂ ಬರಲಿಲ್ಲ.

ನೋವು ಏರುತ್ತಾ ಹೋಯಿತು. ನೋವಿಗೆ ಮದ್ದು ಕೊಡುವ ಡಾಕ್ಟರು ಬೇರೊಂದು ಊರಿನಲ್ಲಿದ್ದರು. ಅವರೂ ಕಂಪ್ಯೂಟರಿನ ಪರದೆಯಲ್ಲಿಯೇ ಬರುವವರು. ನರ್ಸು ಗಾಲಿಗಳ ಮೇಲೆ ನಿಲ್ಲಿಸಿದ್ದ ಕಂಪ್ಯೂಟರನ್ನು ತಳ್ಳಿಕೊಂಡು ಬಂದು ಮಂಚದ ಕಾಲ ಬಳಿ ನಿಲ್ಲಿಸಿದಳು. ಜಿಪ್ಪಕ್ಕ ಎದ್ದು ನಿಂತಳು.

"ನೀವು ಇರಿಮ್ಮ" ಎಂದಳು ನರ್ಸು.

"ಬೇಡ, ನಾನು ಹೊರಗಿರ್ತೀನಿ. ಅವರೇ ಮಾತಾಡ್ಲಿ." ಗಂಡನ ಕಿವಿಯ ಬಳಿ ಬಾಗಿ ಹೇಳಿದಳು. "ರೀ, ನಾನಿರಲ್ಲ. ಬಾಗಿಲು ಹಾಕ್ಕೊಂಡು ಹೋಗ್ತೀನಿ. ಎಲ್ಲಿ ನೋವು, ಎಷ್ಟು ನೋವು, ಮನಸ್ಸಲ್ಲಿ ಏನಿದೆ, ಎಲ್ಲಾ ಹೇಳಿ. ನಂಗೆ ಕೇಳಿಸಲ್ಲ."

ಅವನು ತಲೆಯಾಡಿಸಿದ.

ಹೊರಗೆ ಬಂದು ಅವಳು ಬಾಗಿಲಿನಿಂದ ದೂರ, ಹಜಾರದ ಕೊನೆಯ ಕಿಟಕಿಯವರೆಗೆ ಹೋದಳು. ಕಿವಿ ಹಿಂದಕ್ಕೆ ಎಳೆಯದಿರಲಿ ಎಂದು ಕೆಳಗಿನ ರಸ್ತೆಯನ್ನೇ ನೋಡುತ್ತಾ ನಿಂತಳು. ಬಸ್ಸೊಂದು ಬಂದು ನಿಂತು, ಜನರನ್ನು ಹತ್ತಿಸಿಕೊಂಡು ಹೋಯಿತು. ಈಗ ಹೇಳುತ್ತಿರಬಹುದು ಎಂದುಕೊಂಡಳು. ನನ್ನ ಮೇಲಿನ ಸಿಟ್ಟನ್ನಾದರೂ ಹೇಳಲಿ, ಯಾರ ಹತ್ತಿರವಾದರೂ ಹೇಳಲಿ.

ಬಾಗಿಲು ತೆರೆದ ಸದ್ದಾಯಿತು. ನರ್ಸು ಕೈಬೀಸಿ ಕರೆದಳು.

"ಇಷ್ಟು ಬೇಗ ಆಯ್ತಾ? ಏನಾದ್ರೂ ಹೇಳಿದ್ರಾ?"

"ಇಲ್ಲಮ್ಮ. ಡಾಕ್ಟ್ರು ಏನು ಕೇಳಿದ್ರೂ ಒಂದೇ ಮಾತು. ಅವಳನ್ನ ಕರೀರಿ, ಅವಳಿಗೆ ಗೊತ್ತು ಅಂತಿದ್ದಾರೆ."

ಜಿಪ್ಪಕ್ಕ ಒಳಗೆ ಹೋದಳು. ಪರದೆಯಲ್ಲಿ ಅವಳು ಎಂದೂ ಕಂಡಿರದ ಒಬ್ಬರು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಒಳ್ಳೆಯ ಮುಖ. "ನೀವು ಮನೆಯವರಾ? ಸ್ವಲ್ಪ ಹೇಳ್ತೀರಾಮ್ಮ, ನೋವು ಎಲ್ಲಿ ಜಾಸ್ತಿ?"

ಅವಳು ಗಂಡನ ಕಡೆ ತಿರುಗಿ ಮಂಚದ ಪಕ್ಕ ಕುಸಿದು ಕೂತಳು. "ರೀ, ನೀವೇ ಹೇಳ್ರೀ. ನಂಗೊತ್ತಿಲ್ಲ. ನಂಗೇನೂ ಗೊತ್ತಿಲ್ಲ ಕಣ್ರೀ."

"ನೀನೇ ಹೇಳು" ಎಂದ ಅವನು. "ನಂಗೆ ಸುಸ್ತು." ಅಷ್ಟು ಹೇಳಿ, ಭಾರ ಇಳಿಸಿದವನ ಹಾಗೆ ಕಣ್ಣು ಮುಚ್ಚಿದ.

"ಹಲೋ?" ಎಂದರು ಪರದೆಯಲ್ಲಿದ್ದವರು. "ನನ್ನ ಧ್ವನಿ ಬರ್ತಿದೆಯಾ? ಸಿಸ್ಟರ್, ಅಲ್ಲಿ ಸೌಂಡ್ ಹೋಗಿದೆಯಾ ನೋಡಿ."

ನರ್ಸು ಗುಂಡಿಯೊಂದನ್ನು ಒತ್ತಿದಳು, ವೈರು ಅಲುಗಿಸಿದಳು. "ಬರ್ತಿದೆ ಡಾಕ್ಟರ್" ಎಂದಳು.

ಜಿಪ್ಪಕ್ಕ ಗಂಡನ ಮುಖವನ್ನು ನೋಡಿದಳು. ಕೆನ್ನೆ ಒಳಗೆ ಹೋಗಿತ್ತು, ತುಟಿ ಒಣಗಿತ್ತು, ಹುಬ್ಬಿನ ನಡುವೆ ಒಂದು ಗೆರೆ ಬಿಗಿದಿತ್ತು. ಅದು ನೋವಿನ ಗೆರೆಯೋ, ಬಿಸಿಲಲ್ಲಿ ರಸ್ತೆ ನೋಡಿ ನೋಡಿ ಬಿದ್ದ ಹಳೆಯ ಗೆರೆಯೋ ಅವಳಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದವಳು.

"ಬೆನ್ನಲ್ಲಿ ಡಾಕ್ಟ್ರೇ" ಎಂದಳು. "ಸೊಂಟದ ಹತ್ರ. ತುಂಬಾ ಇದೆ."

"ಮಲಗಿದ್ರೆ ಜಾಸ್ತಿನಾ, ಕೂತ್ರೆ ಜಾಸ್ತಿನಾ?"

"ಮಲಗಿದ್ರೆ" ಎಂದಳು.

"ನಿದ್ದೆ ಬರುತ್ತಾ?"

"ಬರಲ್ಲ."

ಡಾಕ್ಟರು ತಲೆಯಾಡಿಸಿ ಮದ್ದಿನ ಪ್ರಮಾಣ ಹೇಳಿದರು. ನರ್ಸು ಬರೆದುಕೊಂಡು, ಕಂಪ್ಯೂಟರನ್ನು ತಳ್ಳಿಕೊಂಡು ಮುಂದಿನ ಮಂಚಕ್ಕೆ ಹೋದಳು. ಆ ಮಧ್ಯಾಹ್ನವೇ ಹೊಸ ಸೂಜಿ ಹಾಕಿದರು. ಅವನು ನಿದ್ದೆ ಹೋದ. ಆಮೇಲೆ ಹೆಚ್ಚಾಗಿ ನಿದ್ದೆಯಲ್ಲೇ ಇದ್ದ. ಎಚ್ಚರವಾದಾಗಲೂ ನಾಲಗೆ ಹೊರಳುತ್ತಿರಲಿಲ್ಲ. ಮುಂದಿನ ವಾರ, ಮಗಳು ಅವನ ಉಗುರು ಕತ್ತರಿಸುತ್ತಿದ್ದ ಹೊತ್ತಿನಲ್ಲಿ ಉಸಿರು ನಿಂತಿತು.

ನೋವು ಬೆನ್ನಲ್ಲೇ ಇತ್ತೋ ಇಲ್ಲವೋ, ಅಷ್ಟು ಮದ್ದು ಬೇಕಿತ್ತೋ ಬೇಡವಾಗಿತ್ತೋ, ನಿದ್ದೆ ಹೋಗದಿದ್ದರೆ ಅವನು ಒಂದು ಮಾತಾದರೂ ಆಡುತ್ತಿದ್ದನೋ ಏನೋ. ಜಿಪ್ಪಕ್ಕ ಯಾರನ್ನೂ ಕೇಳಲಿಲ್ಲ. ಬಟ್ಟೆ ಕೊಡಲು ಬಂದವರು, ಕೊನೆಗೆ ಏನಾದ್ರೂ ಹೇಳಿದ್ರಾ ಅಕ್ಕ, ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಅವಳು ಪ್ಯಾಂಟನ್ನು ತಿರುವಿ ಹಾಕಿ, ಕಿತ್ತುಹೋದ ಹೊಲಿಗೆಯನ್ನು ಹುಡುಕುತ್ತಾ, ಇಲ್ಲ ಎನ್ನುತ್ತಾಳೆ.